ಬಲ್ಬು ಕೂತಿತೋ ಇಲ್ಲವೋ: ಎಲ್ಡ್ರಿಡ್ ಹೌಗೆನ್ ಅವರ ನಲವತ್ತೊಂದು ವರ್ಷ

ಪಶ್ಚಿಮ ನಾರ್ವೆಯ ಘಟ್ಟದ ರಸ್ತೆಗಳಲ್ಲಿ ಚಳಿಗಾಲದ ಐದು ತಿಂಗಳು ಮನುಷ್ಯನ ಆಯುಸ್ಸು ವಾಹನದ ಎರಡು ದೀಪಗಳನ್ನು ನಂಬಿಕೊಂಡಿರುತ್ತದೆ. ಆ ದೀಪಗಳನ್ನು ಕಾಪಾಡಿಕೊಂಡು ಬಂದವರಲ್ಲಿ, ಸ್ಕಾರೆ ಘಟ್ಟದ ಬುಡದ ನಮ್ಮ ಗ್ಯಾರೇಜಿನಲ್ಲಿ ನಲವತ್ತೊಂದು ವರ್ಷ ಸೇವೆ ಸಲ್ಲಿಸಿ ಈ ವಸಂತದಲ್ಲಿ ನಿವೃತ್ತರಾದ ಶ್ರೀಮತಿ ಎಲ್ಡ್ರಿಡ್ ಹೌಗೆನ್ ಅವರದು ಮೊದಲ ಪಂಕ್ತಿಯ ಹೆಸರು. ಬೇರೆಯವರ ಕೈ ಬೆರಳ ಗಂಟಿನಲ್ಲೇ ನಿಂತುಬಿಡುವ ಸಂದಿಗಳಲ್ಲಿ ಅವರ ಚಿಕ್ಕ ಎಡಗೈ ಒಳಗೆ ಹೋಗಿ ಕೆಲಸ ಮುಗಿಸಿಕೊಂಡು ಬರುತ್ತಿತ್ತು. ಅಭಿನಂದನ ಗ್ರಂಥಗಳಲ್ಲಿ ಸಾಮಾನ್ಯವಾಗಿ ಹೇಳದ ಮಾತೊಂದನ್ನು ಇಲ್ಲಿ ಮೊದಲೇ ಹೇಳಿಬಿಡಬೇಕು: ಎಲ್ಡ್ರಿಡ್ ಅವರು ಬಹಳ ಅಂಜುವ ಮನುಷ್ಯರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯಲಾಗಿದೆ.

ಮೀನು ಪ್ಯಾಕ್ ಮಾಡುವ ಶೆಡ್ಡಿನ ಕೆಲಸ ಬಿಟ್ಟು ಇಪ್ಪತ್ತಾರನೆಯ ವಯಸ್ಸಿನಲ್ಲಿ ಗ್ಯಾರೇಜಿಗೆ ಸೇರಿದ ಅವರಿಗೆ ಮೊದಲ ಮೂರು ವರ್ಷ ಹೆದರಿಕೆಯೆಂಬುದೇ ಇರಲಿಲ್ಲ. ನಾಲ್ಕನೆಯ ವರ್ಷದ ಜನವರಿಯಲ್ಲಿ ಅಂಚೆಯ ವ್ಯಾನಿಗೆ ಅವರು ಹೊಸ ಬಲ್ಬು ಹಾಕಿದರು. ಅದಾದ ಎಂಟನೆಯ ದಿನ ಆ ವ್ಯಾನು ಘಟ್ಟದ ಮೇಲಿನ ತಿರುವಿನಲ್ಲಿ ರಸ್ತೆ ಬಿಟ್ಟು ಕೆಳಗುರುಳಿತು. ಅದನ್ನು ಓಡಿಸುತ್ತಿದ್ದ ಅಂಚೆಯ ಐಲಿಫ್ ಬದುಕಿದರು, ಆದರೆ ಒಂದು ಕಾಲು ಮತ್ತೆ ನೆಟ್ಟಗಾಗಲಿಲ್ಲ. ಕಾರಣ ಇಂಥದೆಂದು ಯಾರೂ ಬರೆದಿಡಲಿಲ್ಲ, ಯಾರೂ ಎಲ್ಡ್ರಿಡ್ ಅವರತ್ತ ಬೆರಳು ತೋರಿಸಲೂ ಇಲ್ಲ. ಆದರೂ ಅಂದಿನಿಂದ ಅವರು ಚಳಿಗಾಲದಲ್ಲಿ ಘಟ್ಟ ಹತ್ತುವುದನ್ನೇ ಬಿಟ್ಟರು. ಆಚೆ ಕಡೆ ಹೋಗಲೇಬೇಕಾದಾಗ ದೋಣಿ ಹಿಡಿದು ಸುತ್ತಿಕೊಂಡು ಹೋಗುತ್ತಿದ್ದರು. ತಾವು ದೀಪ ಹಾಕಿಕೊಟ್ಟ ಪ್ರತಿಯೊಬ್ಬರಿಗೂ ಸಂಜೆ ಫೋನು ಮಾಡಿ, ಊರು ಮುಟ್ಟಿದಿರಾ ಎಂದು ಕೇಳುತ್ತಿದ್ದರು. "ಬಲ್ಬು ಹಾಕೋಕೆ ಹತ್ತು ನಿಮಿಷ, ಹೆದರೋಕೆ ನಾಲ್ಕು ಗಂಟೆ. ನಿನ್ನ ಸಂಬಳ ಯಾವುದಕ್ಕೆ ಕೊಡ್ಲಿ ಮಾರಾಯ್ತಿ?" ಎಂದು ಮಾಲೀಕರಾದ ಆಸ್ಲಾಕ್ ಕಾಡಿಸುತ್ತಿದ್ದರು. ಆದರೆ ತಮ್ಮ ಸ್ವಂತ ಮಗಳು ಘಟ್ಟ ಹತ್ತುವ ದಿನ ಕಾರನ್ನು ಎಲ್ಡ್ರಿಡ್ ಅವರ ಮುಂದೆಯೇ ತಂದು ನಿಲ್ಲಿಸುತ್ತಿದ್ದರು.

ಒಂಬತ್ತು ವರ್ಷದ ಹಿಂದಿನ ಫೆಬ್ರವರಿಯ ಒಂದು ಮಧ್ಯಾಹ್ನ, ಮೂರು ಗಂಟೆಯ ಹೊತ್ತಿಗೆ, ನೆಲಕ್ಕೆ ಅಂಟಿಕೊಂಡಂತಿದ್ದ ಕೆಂಪು ಸ್ಪೋರ್ಟ್ಸ್ ಕಾರೊಂದು ಹಿಮದಲ್ಲಿ ತೆವಳುತ್ತ ಗ್ಯಾರೇಜಿಗೆ ಬಂತು. ಓಡಿಸುತ್ತಿದ್ದವರು ರಾಗ್ನಾ ಎಂಬ ಶಾಲೆಯ ಮೇಡಂ.

"ಈ ಹಿಮದಲ್ಲಿ ಚಪ್ಪಲಿ ಮೆಟ್ಕೊಂಡು ಬಂದ ಹಾಗಿದೆಯಲ್ಲ," ಎಂದರು ಆಸ್ಲಾಕ್.

"ನನ್ನ ಕಾರು ಕೆಟ್ಟು ನಿಂತಿದೆ. ಇದು ಗಂಡನ ಬೇಸಿಗೆ ಕಾರು. ಒಂದು ದೀಪ ಹೋಗಿದೆ ಅಂತ ಘಟ್ಟದ ಗೇಟಿನವರು ವಾಪಸ್ ಕಳಿಸಿದ್ರು. ನಾಳೆ ಬೆಳಗ್ಗೆ ಆಚೆ ಊರಲ್ಲಿ ನನ್ನಕ್ಕಂಗೆ ಹೃದಯದ ಆಪರೇಷನ್. ನೀನು ಬಂದಿಲ್ಲ ಅಂದ್ರೆ ನಾನು ಟೇಬಲ್ ಹತ್ತಲ್ಲ ಅಂತ ಕೂತಿದಾಳೆ."

ಬಿರುಗಾಳಿಯ ದಿನಗಳಲ್ಲಿ ಹಿಮ ತಳ್ಳುವ ಗಾಡಿಯ ಹಿಂದೆ ಸಾಲಾಗಿಯೇ ಘಟ್ಟ ದಾಟಬೇಕು. ಅಂದಿನ ಕೊನೆಯ ಸಾಲು ನಾಲ್ಕಕ್ಕೆ ಹೊರಡುವುದಿತ್ತು. ಆಮೇಲೆ ಮೂರು ದಿನ ದಾರಿ ಬಂದ್.

ಆ ಕಾರಿನ ಹೆಡ್‌ಲೈಟಿಗೆ ಬಾನೆಟ್ಟಿನ ಕಡೆಯಿಂದ ದಾರಿಯೇ ಇರಲಿಲ್ಲ. ಚಕ್ರವನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ, ಮಡ್‌ಗಾರ್ಡಿನ ಒಳಹಾಳೆಯ ಸ್ಕ್ರೂ ಬಿಚ್ಚಿ, ಲೋಟದ ಬಾಯಿಯಷ್ಟು ಕಿಂಡಿಯಲ್ಲಿ ಕೈ ತೂರಿಸಿ, ಕಣ್ಣಿಗೆ ಕಾಣದ ಜಾಗದಲ್ಲಿ ಬಲ್ಬು ಕೂರಿಸಿ, ಎರಡು ಕಾಲಿನ ತಂತಿಯ ಕ್ಲಿಪ್ಪನ್ನು ಬೆರಳಿನಿಂದಲೇ ಹುಡುಕಿ ಸಿಕ್ಕಿಸಬೇಕು. ಕ್ಲಿಪ್ಪಿನ ಒಂದು ಕಾಲು ಬಿಟ್ಟುಕೊಂಡರೂ ದೀಪ ಉರಿಯುತ್ತದೆ. ಆದರೆ ಕುಲುಕಾಟಕ್ಕೆ ಬಲ್ಬು ವಾಲಿ ಬೆಳಕು ನೆಲಕ್ಕೆ ಬೀಳುತ್ತದೆ. ಎಲ್ಡ್ರಿಡ್ ಅವರು ಮಲಗಿಕೊಂಡು ಕೆಲಸ ಮುಗಿಸಿದರು. ದೀಪ ಉರಿಯಿತು. ಮೂರೂಮುಕ್ಕಾಲಿಗೆ ಕಾರು ಹೊರಟುಹೋಯಿತು.

ಕೈ ತೊಳೆಯುವಾಗ ಎಲ್ಡ್ರಿಡ್ ಅವರಿಗೆ ಅನುಮಾನ ಹೊಕ್ಕಿತು. ಕ್ಲಿಪ್ಪಿನ ಮೊದಲ ಕಾಲು ಟಕ್ ಎಂದು ಕೂತದ್ದು ನೆನಪಿತ್ತು. ಎರಡನೆಯದು? ಅಷ್ಟು ಹೊತ್ತಿಗೆ ಚಳಿಗೆ ಬೆರಳು ಮರಗಟ್ಟಿತ್ತು. ಕೂತಿತೋ, ಕೂತಿತೆಂದು ತಾವೇ ಅಂದುಕೊಂಡರೋ, ಎಷ್ಟು ನೆನೆದರೂ ತಿಳಿಯಲಿಲ್ಲ. ಒದ್ದೆ ಕೈಯಲ್ಲೇ ಗ್ಯಾರೇಜಿನ ವ್ಯಾನು ಹತ್ತಿ ಗೇಟಿನ ಕಡೆ ಓಡಿಸಿದರು.

ಗೇಟು ಕಾಯುವ ತೋರ್ಮೋಡ್ ಅದನ್ನು ಎತ್ತುವ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದರು. ಹಿಮ ತಳ್ಳುವ ಗಾಡಿ ಗುರುಗುಡುತ್ತಿತ್ತು.

"ಹತ್ತು ನಿಮಿಷ ತಡಿ. ಆ ಕೆಂಪು ಕಾರಿನ ದೀಪ ಇನ್ನೊಂದ್ಸಲ ನೋಡ್ಬೇಕು."

"ಉರೀತಿದೆಯಲ್ಲಮ್ಮ, ಕಣ್ಣು ಕಾಣಲ್ವಾ? ಮೇಲೆ ಗಾಳಿ ಏಳ್ತಿದೆ. ಹದಿನೆಂಟು ಗಾಡಿ ಕಾಯ್ತಿವೆ."

"ತಡೀದಿದ್ರೆ ಗೇಟಿನ ಕೆಳಗೇ ನಿಂತ್ಕೋತೀನಿ."

ತೋರ್ಮೋಡ್ ಗೊಣಗುತ್ತ ಹಿಡಿ ಬಿಟ್ಟರು. ಎಲ್ಡ್ರಿಡ್ ಅವರು ಹಿಮದಲ್ಲೇ ಮಲಗಿ, ಒಳಹಾಳೆ ಬಿಚ್ಚಿ ಕೈ ತೂರಿಸಿದರು. ಒಂದು ಕಾಲು ಕೂತಿತ್ತು. ಎರಡನೆಯದೂ ಕೂತಿತ್ತು. ಎಲ್ಲವೂ ಸರಿಯಾಗಿಯೇ ಇತ್ತು. ಉಸಿರು ಬಿಟ್ಟು ಕೈ ಹೊರಗೆಳೆಯಹೋದರೆ ಕೈ ಬರಲಿಲ್ಲ. ಮಣಿಕಟ್ಟಿನ ಮೂಳೆ ತಗಡಿನ ಅಂಚಿಗೆ ಸಿಕ್ಕಿಕೊಂಡಿತ್ತು. ಎಳೆದಷ್ಟೂ ಬಿಗಿಯಿತು. ಹಿಂದಿನ ಗಾಡಿಗಳು ಹಾರನ್ ಹೊಡೆಯತೊಡಗಿದವು. ಮೇಲೆ ಘಟ್ಟದ ತಲೆ ಆಗಲೇ ಮಾಯವಾಗಿತ್ತು. ತನ್ನಿಂದಾಗಿ ಈ ಹೆಂಗಸು ಅಕ್ಕನನ್ನು ನೋಡದೆ ಉಳಿಯುತ್ತಾಳೆ ಎಂಬ ಯೋಚನೆ ಬಂದೊಡನೆ, ಅವರೇ ಹೇಳುವಂತೆ, ಮೂಳೆ ಮುರಿದರೂ ಸರಿಯೆಂದು ಮತ್ತೆ ಎಳೆದರು.

ರಾಗ್ನಾ ಕಾರಿನಿಂದ ಇಳಿದುಬಂದು ತಮ್ಮ ಬುತ್ತಿಯ ಕಾಗದ ಬಿಚ್ಚಿ, ಬ್ರೆಡ್ಡಿಗೆ ದಪ್ಪಗೆ ಹಚ್ಚಿದ್ದ ಬೆಣ್ಣೆಯನ್ನು ಬೆರಳಲ್ಲಿ ಕೆರೆದು ಅವರ ಮಣಿಕಟ್ಟಿನ ಸುತ್ತ ಸವರಿದರು. "ಎಳೀಬೇಡಿ. ಕೈ ಸಡಿಲ ಬಿಡಿ. ಹಾಂ, ಈಗ ತಿರುಗಿಸಿ," ಎಂದರು, ಮಕ್ಕಳಿಗೆ ಹೇಳುವ ಹಾಗೆ. ಚರ್ಮ ತರಚಿಕೊಂಡು ಕೈ ಹೊರಬಂತು. ಎಲ್ಡ್ರಿಡ್ ಅವರು ಒಳಹಾಳೆಯನ್ನು ಮೊದಲಿನಂತೆ ಬಿಗಿದು ಎದ್ದರೂ ರಾಗ್ನಾ ಕಾರು ಹತ್ತದೆ ಬಾಗಿಲು ಹಿಡಿದೇ ನಿಂತಿದ್ದರು.

"ಚಳಿಗಾಲದಲ್ಲಿ ನಾನು ಈ ಘಟ್ಟ ಹತ್ತಿಲ್ಲ. ಈ ಕಾರಲ್ಲಂತೂ ಇಲ್ವೇ ಇಲ್ಲ. ನೀವು ಪಕ್ಕದಲ್ಲಿ ಕೂತ್ಕೋತೀರಾ?"

ಇಲ್ಲವೆನ್ನಲು ಬಾಯಿ ತೆರೆದ ಎಲ್ಡ್ರಿಡ್ ಅವರು, ವ್ಯಾನಿನ ಕೀಲಿಯನ್ನು ತೋರ್ಮೋಡ್ ಕೈಗೆ ಕೊಟ್ಟು ಕಾರಿನೊಳಗೆ ಕೂತರು.

ಒಂದೂವರೆ ಗಂಟೆಯ ಆ ದಾರಿಯಲ್ಲಿ ಮುಂದಿನ ಗಾಡಿಯ ಎರಡು ಕೆಂಪು ದೀಪಗಳನ್ನು ಬಿಟ್ಟರೆ ಲೋಕದಲ್ಲಿ ಬೇರೇನೂ ಕಾಣಲಿಲ್ಲ. ಒಮ್ಮೊಮ್ಮೆ ಅವೂ ಆರಿದಂತಾಗುತ್ತಿದ್ದವು. ಮೇಲಿನ ತಿರುವು ಬಂದಾಗ "ಇಲ್ಲೇ" ಎಂಬ ಮಾತು ಎಲ್ಡ್ರಿಡ್ ಅವರ ಬಾಯಿಂದ ತಾನಾಗಿ ಬಿತ್ತು. ಏನು ಇಲ್ಲಿ, ಎಂದರು ರಾಗ್ನಾ. ಅಂಚೆಯ ವ್ಯಾನಿನ ಬಲ್ಬು ಸರಿಯಾಗಿ ಕೂರಿಸಿದ್ದೆನೋ ಇಲ್ಲವೋ ಎಂಬ, ಇಪ್ಪತ್ತೆಂಟು ವರ್ಷ ಯಾರಿಗೂ ಹೇಳದ ಅನುಮಾನವನ್ನು ಎಲ್ಡ್ರಿಡ್ ಅವರು ಮೊದಲ ಬಾರಿಗೆ ಹೇಳಿದರು.

"ಆ ಐಲಿಫ್ ಅವರನ್ನ ಕೇಳಿದ್ರಾ?" ರಸ್ತೆಯಿಂದ ಕಣ್ಣು ತೆಗೆಯದೆ ರಾಗ್ನಾ ಕೇಳಿದರು.

ಕೇಳಿರಲಿಲ್ಲ. ಒಂದೇ ಊರಿನಲ್ಲಿದ್ದು, ಅಂಗಡಿಯಲ್ಲಿ ಕಂಡಾಗಲೆಲ್ಲ ಬೇರೆ ಸಾಲಿಗೆ ಸರಿದುಹೋಗುತ್ತಿದ್ದರು.

ಅಕ್ಕನ ಆಪರೇಷನ್ ಚೆನ್ನಾಗಿ ಆಯಿತು. ನಾಲ್ಕನೆಯ ದಿನ ದಾರಿ ತೆರೆದಾಗ ಎಲ್ಡ್ರಿಡ್ ಅವರು ಬಸ್ಸಿನಲ್ಲಿ ಘಟ್ಟ ಇಳಿದು ನೇರವಾಗಿ ಐಲಿಫ್ ಅವರ ಮನೆಗೆ ಹೋದರು. ಅವರು ಕೇಳಿದ್ದಕ್ಕೆ ಐಲಿಫ್ ಕಾಫಿ ಬಗ್ಗಿಸಿಕೊಡುತ್ತ ಹೇಳಿದರು:

"ದೀಪದ್ದೇ ತಪ್ಪೋ ಅಲ್ವೋ, ನಂಗೆ ನೆನಪಿಲ್ಲ ಎಲ್ಡ್ರಿಡ್. ಆದ್ರೆ ಹೊರಡೋ ಮುಂಚೆ ಗಾಡಿಯ ದೀಪ ನೋಡ್ಕೊಳ್ಳೋದು ನನ್ನ ಕೆಲಸ. ಅವತ್ತು ನಾನು ನೋಡಿರ್ಲಿಲ್ಲ. ಇದನ್ನ ನಿಂಗೆ ಹೇಳೋಕೆ ನಂಗೂ ಹೆದರಿಕೆ ಆಗ್ತಿತ್ತು."

ಅಂದಿನಿಂದ ಎಲ್ಡ್ರಿಡ್ ಅವರ ಅಂಜಿಕೆ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಮುಂದಿನ ಸೋಮವಾರ ಪಾದ್ರಿಯವರ ಹಳೆಯ ಕಾರಿಗೆ ಬಲ್ಬು ಹಾಕಿ ಮೂರು ಸಲ ಕ್ಲಿಪ್ಪು ಮುಟ್ಟಿ ನೋಡಿದರು. ಆದರೆ ಮುಂದಿನ ಪ್ರತಿ ಚಳಿಗಾಲವೂ, ಒಬ್ಬಂಟಿಯಾಗಿ ಘಟ್ಟ ಹತ್ತಲು ಹೆದರುವವರು ಬಂದಾಗ, ರಜೆ ಹಾಕಿ ಪಕ್ಕದಲ್ಲಿ ಕೂತು ಆಚೆ ಬಿಟ್ಟುಬಂದರು. ಅಂಥವರು ಮೂವತ್ತಕ್ಕೂ ಹೆಚ್ಚು ಜನ. ಅವರಲ್ಲಿ ಕೆಲವರ ಲೇಖನಗಳು ಈ ಗ್ರಂಥದಲ್ಲೇ ಇವೆ.

ನಿವೃತ್ತಿಯ ನಂತರವೂ ಗುರುವಾರಗಳಂದು ಬರಲು ಅವರು ಒಪ್ಪಿದ್ದಾರೆ. ಅವರಿಗೆ ದೀರ್ಘಾಯುಷ್ಯವನ್ನೂ ಬೆರಳುಗಳಲ್ಲಿ ಚುರುಕನ್ನೂ ಹೃತ್ಪೂರ್ವಕವಾಗಿ ಕೋರುತ್ತೇವೆ. ಧೈರ್ಯವನ್ನು ಮಾತ್ರ ಕೋರುವುದಿಲ್ಲ. ಘಟ್ಟದಾಚೆ ನಮಗೂ ನೆಂಟರಿದ್ದಾರೆ, ಈ ಚಳಿಗಾಲ ನಾವೂ ಆ ದಾರಿಯಲ್ಲೇ ಹೋಗಬೇಕಾದವರು.