ಪಾಸು ಬಾಗಿಲು ಕಲಿತದ್ದು

ನಮ್ಮ ಚಿಕ್ಕಮ್ಮ ಬಸ್ ಕಂಡಕ್ಟರ್. ಬಸ್ಸಿನಲ್ಲಿ ಮಾತ್ರ ಅಲ್ಲ, ಮನೆಯಲ್ಲೂ. ಊಟಕ್ಕೆ ಕೂತವರನ್ನು "ಸ್ವಲ್ಪ ಒಳಗ್ ಸರೀರಿ, ಒಳಗೆ ಬೇಕಾದಷ್ಟು ಜಾಗ ಇದೆ" ಎಂದು ಗೋಡೆಗೆ ಒತ್ತುತ್ತಾಳೆ. ಬಚ್ಚಲಿನಲ್ಲಿ ಯಾರಾದರೂ ತಡಮಾಡಿದರೆ ಬಾಗಿಲು ಬಡಿದು "ಸ್ಟಾಪ್ ಬಂತು, ಇಳೀರಿ" ಎನ್ನುತ್ತಾಳೆ. ಕುತ್ತಿಗೆಯಲ್ಲಿ ಸದಾ ಒಂದು ಸೀಟಿ. ಮಲಗುವಾಗ ಅದನ್ನು ಬಿಚ್ಚಿಡುತ್ತಾಳೆ ಎಂದು ಚಿಕ್ಕಪ್ಪ ಹೇಳುತ್ತಾನೆ, ನನಗೆ ಅದೂ ಅನುಮಾನವೇ. ಅವರ ಮನೆಯಲ್ಲಿದ್ದುಕೊಂಡೇ ಕೆಲಸಕ್ಕೆ ಹೋಗುವ ನಾನು ಈ ಆಡಳಿತದ ರುಚಿಯನ್ನು ಚೆನ್ನಾಗಿ ಕಂಡಿದ್ದೇನೆ.

ಒಂದು ಸಂಜೆ ಮನೆಗೆ ಬಂದವಳ ಟಿಕೆಟ್ ಚೀಲದಿಂದ ಎರಡು ಕಿವಿ ಹೊರಗೆ ಇಣುಕಿದವು. ಕೊನೆಯ ಸ್ಟಾಪಿನಲ್ಲಿ ಜನರೆಲ್ಲ ಇಳಿದ ಮೇಲೂ ಬಸ್ಸಿನ ಹಿಂದಿನ ಮೂಲೆಯಲ್ಲಿ ಒಂದು ನಾಯಿಮರಿ ಮಲಗಿತ್ತಂತೆ. ಯಾರೂ ನಮ್ಮದು ಅನ್ನಲಿಲ್ಲವಂತೆ.

"ಟಿಕೆಟ್ ಇಲ್ದೆ ಇಷ್ಟು ದೂರ ಬಂದಿದಾನೆ ಅಂದ್ರೆ ಪಾಸ್ ಇರ್ಬೇಕು!" ಎಂದಳು ಚಿಕ್ಕಮ್ಮ. ಅಲ್ಲಿಗೆ ಅವನ ಹೆಸರು ಪಾಸು ಎಂದಾಯಿತು.

ಚಿಕ್ಕಪ್ಪ ಗೋಡೆಗಳಿಗೆ ಬಣ್ಣ ಬಳಿಯುವವನು. ಮಾತು ಕಡಿಮೆ, ಸಿಟ್ಟೂ ಕಡಿಮೆ. ಮೊದಲ ದಿನವೇ ಪಾಸು ನಡುಮನೆಯಲ್ಲಿ ಒಂದು ಕೆರೆ, ಅಡುಗೆಮನೆಯಲ್ಲಿ ಒಂದು ಕೆರೆ ಕಟ್ಟಿ, ಉಳಿದದ್ದನ್ನು ಚಿಕ್ಕಪ್ಪನ ಶೂ ಒಳಗೆ ತುಂಬಿಸಿಟ್ಟ. ಅದರೊಳಗೆ ಕಾಲಿಟ್ಟ ಚಿಕ್ಕಪ್ಪ ಕೂಗಾಡಲಿಲ್ಲ. ಕೂತು, ಕಾಲು ಒರೆಸಿಕೊಂಡು, ಹೇಳಬೇಕಾದ್ದನ್ನು ಹೇಳಿದ.

"ಅಮ್ಮ ಆಸ್ಪತ್ರೆಯಿಂದ ಸೀದಾ ಇಲ್ಲಿಗೇ ಬರ್ತಾಳೆ. ಸೊಂಟದ ಮೂಳೆ ಈಗಷ್ಟೇ ಕೂಡಿಸಿದಾರೆ. ನೆಲದ ಮೇಲೆ ಒಂದು ತೊಟ್ಟು ಇದ್ರೂ ಜಾರ್ತಾಳೆ. ಅವಳು ಬರೋ ಹೊತ್ತಿಗೆ ಇದು ಕಲಿತಿಲ್ಲ ಅಂದ್ರೆ ನಮ್ಮ ಬಣ್ಣದ ಗೋದಾಮಿಗೆ ಬಿಟ್ಟು ಬರ್ತೀನಿ. ಅಲ್ಲಿ ಕಾವಲಿಗೆ ನಾಯಿ ಕೇಳ್ತಿದ್ರು."

ಅಜ್ಜಿ ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದು ಡಾಕ್ಟರೇ ಹೇಳಿದ್ದರು. ಚಿಕ್ಕಮ್ಮ ಪಾಸುವನ್ನು ಎದೆಗೆ ಒತ್ತಿಕೊಂಡು "ಕಲಿಸ್ತೀನಿ, ನೋಡ್ತಿರಿ" ಎಂದಳು. ಧೈರ್ಯ ಬಾಯಲ್ಲಿತ್ತು, ಮುಖದಲ್ಲಿ ಇರಲಿಲ್ಲ. ಅಷ್ಟರಲ್ಲಾಗಲೇ ಆ ಮರಿ ನನ್ನ ಹಾಸಿಗೆಯ ಅರ್ಧ ಭಾಗದ ಯಜಮಾನನಾಗಿದ್ದ.

ಮಾರನೆಯ ಬೆಳಗ್ಗೆಯಿಂದಲೇ ಪಾಠ ಶುರು. ನಮ್ಮದು ಮಹಡಿ ಮನೆ, ಕೆಳಗೆ ಹುಲ್ಲು ಬೆಳೆದ ಪುಟ್ಟ ಅಂಗಳ. ತಿಂದ ತಕ್ಷಣ, ನಿದ್ದೆಯಿಂದ ಎದ್ದ ತಕ್ಷಣ ಚಿಕ್ಕಮ್ಮ ಅವನನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುತ್ತಿದ್ದಳು. ಅವನು ಹುಲ್ಲಿನ ಮೇಲೆ ಕುಕ್ಕರಿಸಿದ ಕೂಡಲೇ 'ಪುರ್ರ್' ಎಂದು ಸೀಟಿ ಊದಿ, ಬಿಸ್ಕತ್ತಿನ ಚೂರು ಕೊಡುತ್ತಿದ್ದಳು. ಸೀಟಿಗೆ ಬಸ್ಸೇ ಹೊರಡುವಾಗ ನಾಯಿ ಯಾವ ಲೆಕ್ಕ! ಒಂದೇ ವಾರದಲ್ಲಿ ಅವಳು ಅಂಗಳದಲ್ಲಿ ನಿಂತು ಸೀಟಿ ಊದಿದರೆ ಸಾಕು, ಪಾಸು ಆಡುತ್ತಿದ್ದ ಆಟ ಬಿಟ್ಟು ಕುಕ್ಕರಿಸಿಬಿಡುತ್ತಿದ್ದ. ನನಗೆ ಖುಷಿಯಿಂದ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಚಿಕ್ಕಮ್ಮ ಡ್ರೈವರನಿಗೆ, ಪ್ರಯಾಣಿಕರಿಗೆ, ಕೊನೆಗೆ ಟಿಕೆಟ್ ತಪಾಸಣೆಗೆ ಬಂದವರಿಗೂ ಇದನ್ನೇ ಹೇಳಿಕೊಂಡು ಬಂದಳು.

ಭಾನುವಾರ ಚಿಕ್ಕಪ್ಪನನ್ನು ನಡುಮನೆಯಲ್ಲಿ ಕೂರಿಸಿ, "ನೋಡಿ, ಬೆಳಗ್ಗೆಯಿಂದ ನೆಲ ಹೆಂಗಿದೆ! ನಾಲಿಗೆಯಿಂದ ನೆಕ್ಕಬಹುದು" ಎಂದು ಚಿಕ್ಕಮ್ಮ ಜಂಬದಿಂದ ಸೊಂಟಕ್ಕೆ ಕೈಯಿಟ್ಟಳು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು.

ಪಾಸು ಥಟ್ಟನೆ ನಿಂತ. ಚಿಕ್ಕಮ್ಮನ ಮುಖ ನೋಡಿದ. ಕೊಟ್ಟ ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸುವವನಂತೆ ಚಿಕ್ಕಪ್ಪನ ಕಾಲ ಬಳಿಯೇ ಕುಕ್ಕರಿಸಿದ. ಆಮೇಲೆ ಬಾಲ ಆಡಿಸುತ್ತ ಬಿಸ್ಕತ್ತು ಕೇಳಿದ!

ನನಗೆ ನಗು ತಡೆಯಲಾಗಲಿಲ್ಲ. ಚಿಕ್ಕಮ್ಮ ಮಾತ್ರ ತಲೆಯ ಮೇಲೆ ಕೈಹೊತ್ತು ಕೂತಳು. ನಾಯಿ ಕಲಿಯಲಿಲ್ಲ ಎನ್ನುವ ಹಾಗಿಲ್ಲ, ಕಲಿತದ್ದೇ ತೊಂದರೆ. ಅಜ್ಜಿ ಬರುವುದಕ್ಕೆ ಉಳಿದಿದ್ದದ್ದು ಒಂದೇ ವಾರ. ಚಿಕ್ಕಪ್ಪ ಎದ್ದು ತಾನೇ ನೆಲ ಒರೆಸಿದ. ಬೈದಿದ್ದರೇ ವಾಸಿಯಿತ್ತು.

ನಮ್ಮ ಕುಕ್ಕರನ್ನು ಅಟ್ಟಕ್ಕೆ ಹಾಕಿದೆವು. ಆದರೆ ಪಕ್ಕದ ಮನೆಯದು? ಮೇಲಿನ ಮನೆಯದು? ಆ ಕಟ್ಟಡದಲ್ಲಿ ಬೆಳಗಾದರೆ ಸಾಕು, ಒಂದಲ್ಲ ಒಂದು ಕುಕ್ಕರ್ ಕೂಗುತ್ತದೆ. ಚಿಕ್ಕಮ್ಮ ಸ್ವಲ್ಪ ಹೊತ್ತು ಹಲ್ಲು ಕಡಿದಳು, ಆಮೇಲೆ ಧಡಕ್ಕನೆ ಎದ್ದಳು.

"ಊರವರ ಕುಕ್ಕರಿನ ಬಾಯಿ ಮುಚ್ಚಿಸೋಕಾಗುತ್ತಾ? ಸೀಟಿ ಬಿದ್ರೆ ಬಾಗಿಲು, ಬಾಗಿಲು ತೆಗೆದ್ರೆ ಅಂಗಳ. ಇನ್ಮೇಲೆ ಇದೇ ರೂಟು!"

ಆ ವಾರದ ಗಡಿಬಿಡಿ ಕೇಳಬೇಡಿ. ಎಲ್ಲಾದರೂ ಕುಕ್ಕರ್ ಕೂಗಿದರೆ ನಾವು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು, ಎದ್ದೆವೋ ಬಿದ್ದೆವೋ ಎಂದು ಪಾಸುವಿನೊಂದಿಗೆ ಬಾಗಿಲಿಗೆ ಓಟ! ಚಿಕ್ಕಮ್ಮ ಅರ್ಧ ಹೆಣೆದ ಜಡೆಯಲ್ಲಿ, ನಾನು ಬಾಯಲ್ಲಿ ಬ್ರಷ್ ಕಚ್ಚಿಕೊಂಡು. ಕೆಳಗಿನ ಮನೆಯವರು ಬೆಂಕಿ ಬಿತ್ತೇನೋ ಎಂದು ಹೊರಗೆ ಬಂದರು. ಬಾಗಿಲಿನ ಮುಂದೆ ಅವನು ಒಂದು ಸಲ ಉಗುರಿನಿಂದ ಕೆರೆದದ್ದೇ ತಡ, ಚಿಕ್ಕಮ್ಮ ಮುದ್ದಿಸಿ ಮುದ್ದಿಸಿ ಅವನ ಉಸಿರು ಕಟ್ಟಿಸಿದಳು. ಮೂರ್ನಾಲ್ಕು ದಿನದಲ್ಲಿ ನಮಗಿಂತ ಮೊದಲು ಅವನೇ ಬಾಗಿಲಿನಲ್ಲಿರುತ್ತಿದ್ದ. ಆಮೇಲೆ ಯಾವ ಸೀಟಿಯೂ ಇಲ್ಲದೆ, ತನಗೆ ಬೇಕಾದಾಗಲೂ ಹೋಗಿ ಕೆರೆಯತೊಡಗಿದ. ಚಿಕ್ಕಪ್ಪ ನೋಡಿಯೂ ನೋಡದವನ ಹಾಗೆ "ಅಮ್ಮ ಬರಲಿ, ನೋಡೋಣ" ಎಂದ.

ಅಜ್ಜಿ ಬಂದಳು. ಸಣ್ಣಗಾಗಿದ್ದಳು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರಿಸಿ, ಮುಂದೆ ವಾಕರ್ ಇಟ್ಟರೆ ಅದನ್ನು ಮುಟ್ಟಲೂ ಇಲ್ಲ. ಆಸ್ಪತ್ರೆಯಲ್ಲೂ ಹೀಗೆಯೇ, ಎದ್ದು ನಿಲ್ಲು ಎಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳಂತೆ. ಚಿಕ್ಕಪ್ಪ ಔಷಧಿ ತರಲು ಹೋದ. ಚಿಕ್ಕಮ್ಮ ತಾರಸಿಯಲ್ಲಿ ಅಜ್ಜಿಯ ಹೊದಿಕೆ ಒಣಹಾಕುತ್ತಿದ್ದಳು. ನಾನು ಸ್ನಾನದ ಮನೆಯಲ್ಲಿ ತಲೆಗೆ ಸೋಪು ಹಚ್ಚಿಕೊಂಡಿದ್ದೆ.

ಆಗ ಪಾಸು ಬಾಗಿಲು ಕೆರೆದ. ಕೆರೆದ, ಕುಂಯ್‌ಗುಟ್ಟಿದ, ಮತ್ತೆ ಕೆರೆದ. "ಯಾರಾದ್ರೂ ಬನ್ರೇ!" ಎಂದು ಅಜ್ಜಿ ಕೂಗಿದ್ದು ಕೇಳಿಸಿತು. ದೇವರೇ, ಎಲ್ಲ ಮುಗಿಯಿತು ಎಂದುಕೊಂಡು ಬಟ್ಟೆ ಸುತ್ತಿಕೊಂಡು ಹೊರಗೆ ಓಡಿ ಬಂದ ನಾನು ಹಾಗೆಯೇ ನಿಂತುಬಿಟ್ಟೆ.

ಅಜ್ಜಿ ಎದ್ದು ನಿಂತಿದ್ದಳು! ಎರಡೂ ಕೈಯಲ್ಲಿ ವಾಕರ್ ಹಿಡಿದು, ತುಟಿ ಕಚ್ಚಿಕೊಂಡು, ಒಂದೊಂದೇ ಹೆಜ್ಜೆ ಬಾಗಿಲಿನತ್ತ ಇಡುತ್ತಿದ್ದಳು. ನಾನು ಹತ್ತಿರ ಹೋದರೆ "ನೀನು ಒದ್ದೆ, ಬರಬೇಡ" ಎಂದು ಗದರಿದಳು. ಚಿಲಕ ತೆಗೆದಳು. ಪಾಸು ಬಾಣದ ಹಾಗೆ ಕೆಳಗಿಳಿದ.

ಔಷಧಿಯ ಪೊಟ್ಟಣ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಚಿಕ್ಕಪ್ಪ ಅಮ್ಮನನ್ನು ಬಾಗಿಲಲ್ಲಿ ಕಂಡು ಬಿಳಿಚಿಕೊಂಡ. "ಯಾರು ಎಬ್ಬಿಸಿದ್ರು ನಿನ್ನ? ಆ ನಾಯಿಯಿಂದ ತಾನೇ? ಇವತ್ತೇ ಅದನ್ನ..."

"ಸುಮ್ನಿರೋ" ಎಂದಳು ಅಜ್ಜಿ. ಏದುಸಿರು ಬಿಡುತ್ತಿದ್ದರೂ ದನಿ ಗಟ್ಟಿಯಾಗಿತ್ತು. "ಆಸ್ಪತ್ರೇಲಿ ನಾನೂ ಹಿಂಗೇ ಗಂಟೆ ಒತ್ತಿ ಒತ್ತಿ ಕಾದಿದೀನಿ. ಯಾರೂ ಬರಲಿಲ್ಲ. ಆಮೇಲೆ ಹಾಸಿಗೆ ಒದ್ದೆ ಆಯ್ತು ಅಂತ ನನ್ನನ್ನೇ ಬೈದ್ರು. ಈ ನಾಯಿ ಮನೆ ಬಿಟ್ಟು ಎಲ್ಲಿಗೂ ಹೋಗಲ್ಲ. ಹೋಗು, ಕರ್ಕೊಂಡ್ ಬಾ. ಅದು ಬರೋವರೆಗೂ ನಾನು ಇಲ್ಲೇ ನಿಂತಿರ್ತೀನಿ."

ಚಿಕ್ಕಪ್ಪ ಪೊಟ್ಟಣವನ್ನು ನನ್ನ ಒದ್ದೆ ಕೈಗೆ ತುರುಕಿ, "ಪಾಸೂ! ಏ ಪಾಸೂ!" ಎಂದು ಕೂಗುತ್ತ ಮೆಟ್ಟಿಲು ಇಳಿದು ಓಡಿದ.