ಹೊಳೆಗೆ ಹೊರಟ ಮರಳು

ಗುತ್ತಲದ ರಸ್ತೆಯಲ್ಲಿ ನಾವು ಎಷ್ಟೋ ಮರಳು ಲಾರಿಗಳನ್ನು ತಡೆದಿದ್ದೇವೆ. ತುಂಗಭದ್ರೆಯ ಮರಳು ದೋಚಿ ದೋಚಿ ದಂಡೆ ಕುಸಿಯಿತು, ನಮ್ಮೂರ ಸ್ಮಶಾನದ ಅಂಚಿನ ಸಮಾಧಿಗಳು ನೀರಿಗೆ ಬಿದ್ದವು. ಮುಂದಿನ ಮಳೆಗೆ ನಮ್ಮಪ್ಪನ ಸಮಾಧಿಯ ಸರದಿ.

ಅವತ್ತು ಮಧ್ಯಾಹ್ನ ಮರಳು ತುಂಬಿದ ಲಾರಿಯೊಂದು ಬಂತು. ಅಡ್ಡ ಕುಳಿತೆವು. ಡ್ರೈವರ್ ನಿಧಾನಕ್ಕೆ ಇಳಿದು ಬಂದ.

“ಅಣ್ಣಾರ, ಲಾರಿ ಮಾರಿ ಯಾವ ಕಡೆ ಐತಿ ನೋಡ್ರಿ.”

ಹೊಳೆಯ ಕಡೆಗಿತ್ತು. ಖಾಲಿ ಲಾರಿ ಹೊಳೆಗೆ ಹೋಗುವುದು, ತುಂಬಿದ್ದು ಹೊಳೆಯಿಂದ ಬರುವುದು ನಮಗೆ ಗೊತ್ತು. ತುಂಬಿದ ಲಾರಿ ಹೊಳೆಗೆ ಹೋಗುವುದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ.

“ಬ್ಯಾರೇಜಿನಾಗ ತುಂಬಿದ್ದ ಮರಳು ಎತ್ತೀವ್ರಿ. ನಿಮ್ಮೂರ ದಂಡಿಗೆ ಹಾಕಾಕ ಹೊಂಟೇನಿ. ನೀವ ಕೇಳಿದ್ರಂತಲ್ಲ?”

ಕೇಳಿದ್ದು ಖರೆ. ದಂಡೆಗೆ ಮರಳು ಹಾಕಿಸಿರೆಂದು ತಾಲೂಕು ಕಚೇರಿ ಮುಂದೆ ಕುಳಿತು ಒದರಿ ಕೇಳಿದ್ದೆವು. ಕೊಡುತ್ತಾರೆಂದು ಮಾತ್ರ ನಂಬಿರಲಿಲ್ಲ.

“ಹಾಕೋದನ್ನ ನಾ ನೋಡಬೇಕು,” ಎಂದು ಅವನ ಪಕ್ಕ ಹತ್ತಿ ಕುಳಿತೆ.

“ಕಳ್ಳನ್ನ ಹಿಡದಂಗ ಹಿಡೀತೀರಲ್ರಿ,” ಅಂದ.

“ಇಷ್ಟ ದಿನ ಹಿಡದ ರೂಢಿ ಐತಪ.”

ಅಪ್ಪನ ಸಮಾಧಿಯ ಕೆಳಗಿನ ಕೊರಕಲಿಗೆ ಮರಳು ಸುರಿಯಿತು. ಒಂದು ಲಾರಿಗೆ ಅದು ತುಂಬುವ ಮಾತಲ್ಲ. ಇನ್ನು ಬರುವ ಮರಳು ದಂಡೆಗೆ ಬೀಳದೆ ಹಾಗೇ ಪೇಟೆಗೆ ವಾಪಸ್ ಹೋಗಬಾರದೆಂದು ಈಗಲೂ ರಸ್ತೆಯಲ್ಲೇ ಕೂರುತ್ತೇವೆ. ತುಂಬಿದ ಲಾರಿಗೆ ದಾರಿ ಬಿಡುತ್ತೇವೆ. ವಾಪಸ್ ಬರುವ ಲಾರಿಯನ್ನು ತಡೆದು, ಮೇಲೆ ಹತ್ತಿ, ಒಳಗೆ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತೇವೆ. ಖಾಲಿ ಲಾರಿ ಹಿಡಿಯುವ ಹೋರಾಟ ಇಡೀ ಹಾವೇರಿ ಜಿಲ್ಲೆಯಲ್ಲಿ ನಮ್ಮದೊಂದೇ ಇರಬೇಕು.