ಹಾಜರಿ ಪುಸ್ತಕದಲ್ಲಿ ಇಲ್ಲದ ದಿನ

ಅರವತ್ತರ ದಶಕದ ನಡುವೆ ನಾನು ನರ್ಸ್ ಆಗಿ ಸೇರಿದ ಆಸ್ಪತ್ರೆ ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನ ದಾರಿಯಲ್ಲಿತ್ತು. ಸರ್ಕಾರದ್ದಲ್ಲ. ಸುತ್ತಲಿನ ಅನುಕೂಲಸ್ಥರು ಸಮಿತಿ ಮಾಡಿಕೊಂಡು ಕಟ್ಟಿಸಿದ್ದು. ಎಂಟು ಹಾಸಿಗೆ. ಮೈಸೂರು ಕಡೆಯ ಒಬ್ಬ ಡಾಕ್ಟರು, ಔಷಧಿ ಕೊಡುವುದರ ಜೊತೆಗೆ ಕಾಗದಪತ್ರವನ್ನೂ ನೋಡಿಕೊಳ್ಳುತ್ತಿದ್ದ ಕಾಂಪೌಂಡರು, ನಾನು, ಮತ್ತು ಆಯಮ್ಮ. ನಮ್ಮ ಸಂಸಾರ ಅಷ್ಟೇ.

ಆಗ ನನಗೆ ಇಪ್ಪತ್ತೆರಡು. ನಮ್ಮ ಮನೆಯಲ್ಲಿ ಸಂಬಳ ತಂದ ಮೊದಲ ಹೆಂಗಸು ನಾನು. ಆಸ್ಪತ್ರೆಯ ಹಿಂದೆಯೇ ಇರಲು ಒಂದು ಕೋಣೆ ಕೊಟ್ಟಿದ್ದರು. ವರ್ಷಕ್ಕೆ ಎರಡು ಬಿಳಿ ಸೀರೆ, ಹದಿನೈದು ದಿನ ರಜೆ. ರಜೆಯಲ್ಲಿ ತೀರ್ಥಹಳ್ಳಿಯ ಮನೆಗೆ ಹೋದಾಗ ಅಮ್ಮ ನನ್ನನ್ನು ನೆಂಟರ ಹಾಗೆ ಕೂರಿಸಿ ಬಡಿಸುತ್ತಿದ್ದಳು. ನಾನು ಸುಖವಾಗಿಯೇ ಇದ್ದೆ. ನನ್ನ ಪಕ್ಕದಲ್ಲೇ ದುಡಿಯುತ್ತಿದ್ದವಳಿಗೆ ಇದರಲ್ಲಿ ಯಾವುದೂ ಇಲ್ಲ ಎಂದು ತಿಳಿಯಲು ನನಗೆ ಐದಾರು ತಿಂಗಳು ಬೇಕಾಯಿತು.

ಆಯಮ್ಮನಿಗೆ ನಲವತ್ತು ದಾಟಿತ್ತು. ಗೇಣಿ ಮಾಡುತ್ತಿದ್ದ ಮನೆಯವಳು, ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದವಳು. ಹೆರಿಗೆಗೆ ಬಂದ ಹೆಣ್ಣುಮಕ್ಕಳು ನನ್ನ ಕೈಗಿಂತ ಮೊದಲು ಹಿಡಿಯುತ್ತಿದ್ದದ್ದು ಅವಳ ಕೈಯನ್ನು. ನಾನು ಪುಸ್ತಕದಲ್ಲಿ ಓದಿ ಬಂದಿದ್ದನ್ನು ಅವಳು ಬೆನ್ನು ನೀವುತ್ತಲೇ ಮಾಡಿ ಮುಗಿಸುತ್ತಿದ್ದಳು.

ಒಂದು ದಿನ ಹಾಜರಿ ಪುಸ್ತಕದಲ್ಲಿ ಅವಳ ಸಾಲಿನ ಮೇಲೆ ಎರಡು ದಿನದ ಚೌಕಗಳಷ್ಟು ಉದ್ದದ ಕೆಂಪು ಗೀಟು ಕಂಡಿತು. ಏನೆಂದು ಕಾಂಪೌಂಡರನ್ನು ಕೇಳಿದೆ.

"ಅದು ಬ್ರೇಕು. ದಿನಗೂಲಿಯವ್ರಿಗೆ ಮೂರು ತಿಂಗ್ಳಿಗೆ ಎರಡು ದಿನ ಕೆಲ್ಸ ಇಲ್ಲ ಅಂತ ತೋರಿಸ್ಬೇಕು. ಇಲ್ದಿದ್ರೆ ಕಾಯಂ ಮಾಡಿ ಅಂತ ಕೇಳ್ತಾರಲ್ಲ."

"ಎಷ್ಟು ವರ್ಷದಿಂದ?"

"ನಾನು ಬರೋಕೆ ಮುಂಚಿಂದ. ಸಮಿತಿ ಠರಾವು ಇದೆ, ನಾನು ಗೀಟು ಎಳೀತೀನಿ," ಎಂದು ಅವರು ಪುಸ್ತಕ ಮುಚ್ಚಿದರು. ಅವರ ಮುಖದಲ್ಲಿ ಸಂತೋಷವೇನೂ ಇರಲಿಲ್ಲ.

ಆ ಎರಡು ದಿನ ಆಯಮ್ಮ ಮನೆಯಲ್ಲಿರಬೇಕು. ಕೂಲಿ ಇಲ್ಲ. ಅವಳ ಮನೆ ಆಸ್ಪತ್ರೆಯ ಬೇಲಿಯಾಚೆಗೇ ಇತ್ತು. ಆ ದಿನಗಳಲ್ಲಿ ಅವಳು ಅಂಗಳದಲ್ಲಿ ಏನಾದರೂ ಮಾಡುತ್ತ, ನಮ್ಮ ಬಾಗಿಲಿಗೆ ಬಂದ ಗಾಡಿಗಳನ್ನೆಲ್ಲ ನೋಡುತ್ತಿದ್ದಳು.

ಬೇಸಿಗೆಯಲ್ಲಿ ಅಂಥದೇ ಒಂದು ದಿನ, ಬೆಳಗ್ಗೆ ಹತ್ತರ ಹೊತ್ತಿಗೆ, ಒಳಗಿನ ಹಳ್ಳಿಯೊಂದರಿಂದ ಚೊಚ್ಚಲ ಬಸುರಿಯನ್ನು ಗಾಡಿಯಲ್ಲಿ ಕರೆತಂದರು. ಮಗು ಅಡ್ಡವಾಗಿತ್ತು. ಡಾಕ್ಟರು ಕೈ ತೊಳೆಯಲು ಹೋದರು. ನನಗೆ ಎರಡೇ ಕೈ. ಬೇಲಿಯ ಹತ್ತಿರ ಓಡಿಹೋಗಿ ಕೂಗಿದೆ, "ಆಯಮ್ಮಾ, ಒಂಚೂರು ಬರ್ತೀಯಾ?" ಅವಳು ಮಾಡುತ್ತಿದ್ದ ಕೆಲಸ ಅಲ್ಲಿಯೇ ಬಿಟ್ಟು ಬಂದಳು.

ತಾಯಿ ಮಗು ಇಬ್ಬರೂ ಉಳಿದರು. ಎಲ್ಲ ಮುಗಿದು, ಸಾಮಾನು ಕುದಿಸಿದ ದೊಡ್ಡ ಪಾತ್ರೆಯನ್ನು ಒಲೆಯಿಂದ ಇಳಿಸುವಾಗ ಹಿಡಿ ಕಳಚಿಕೊಂಡಿತು. ಕುದಿಯುವ ನೀರು ಆಯಮ್ಮನ ಬಲಗಾಲಿನ ಮೇಲೆ, ಮೊಣಕಾಲಿನ ಕೆಳಗಿಂದ ಬೆರಳಿನವರೆಗೆ ಸುರಿಯಿತು. ಅವಳು ಕಿರುಚಲಿಲ್ಲ. ಒಳಗೆ ಬಾಣಂತಿ ಮಲಗಿದ್ದಳಲ್ಲ, ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಡಾಕ್ಟರೇ ಪಟ್ಟಿ ಕಟ್ಟಿದರು. ಒಂದು ತಿಂಗಳು ಕಾಲು ಊರುವ ಹಾಗಿಲ್ಲ ಎಂದರು. ಕೆಲಸದ ಮೇಲೆ ಪೆಟ್ಟಾದವರಿಗೆ ಗುಣವಾಗುವವರೆಗೆ ಕೂಲಿ ಕೊಡಬೇಕೆಂಬ ನಿಯಮ ಸಮಿತಿಯಲ್ಲಿ ಇತ್ತು. ಡಾಕ್ಟರು ಬರೆದುಕೊಟ್ಟರೆ ಸಾಕಿತ್ತು. ಮರುದಿನ ನಾನು ಹೋಗಿ ಕೇಳಿದೆ.

ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ಸಿಸ್ಟರ್, ಪುಸ್ತಕದ ಪ್ರಕಾರ ನಿನ್ನೆ ಆಕೆ ಇಲ್ಲಿ ಇರಲೇ ಇಲ್ಲ. ಇಲ್ಲದೇ ಇರೋರ ಕಾಲು ಇಲ್ಲಿ ಹೇಗೆ ಸುಟ್ಟಿತು ಅಂತ ಬರೀಲಿ? ಯಾರು ಕರೆಸಿದ್ದು ಅಂತ ಕೇಳ್ತಾರೆ."

"ನಾನು ಕರೆದೆ ಸಾರ್. ಹಾಗೇ ಬರೀರಿ."

"ನಿಮ್ಮ ಕೆಲಸ ಹೋದರೆ?"

ನಾನು ಹೊರಗೆ ಬಂದುಬಿಟ್ಟೆ. ನಾಚಿಕೆಯಾಗುತ್ತದೆ, ಆದರೆ ನಿಜ ಹೇಳಬೇಕು. ಆ ಕ್ಷಣ ನನ್ನ ಕಣ್ಣಿಗೆ ಕಂಡದ್ದು ಅಮ್ಮ ಬಡಿಸುತ್ತಿದ್ದ ತಟ್ಟೆ.

ದಿನಾ ಸಂಜೆ ಪಟ್ಟಿ ಬದಲಿಸಲು ಆಯಮ್ಮನ ಮನೆಗೆ ಹೋಗುತ್ತಿದ್ದೆ. ಡಾಕ್ಟರೂ ಆಗಾಗ ಬಂದು ಕಾಲು ನೋಡಿ, ಮುಲಾಮು ಇಟ್ಟು ಹೋಗುತ್ತಿದ್ದರು. ಕಾಂಪೌಂಡರ ಮನೆಯಿಂದ ಅನ್ನ ಸಾರು ಬರುತ್ತಿತ್ತು. ಒಂದು ದಿನ ನಾನು ಅವಳ ಮುಂದೆ ಅತ್ತುಬಿಟ್ಟೆ. "ನಾನು ಕರೀಬಾರ್ದಿತ್ತು ಆಯಮ್ಮ."

"ಕರೀದಿದ್ರೂ ಬರ್ತಿದ್ದೆ. ಗಾಡಿ ಬಂದಿದ್ದು ನಾನೂ ನೋಡಿದ್ನಲ್ಲ," ಎಂದಳು. ಆಮೇಲೆ ಅವಳೇ ಹೇಳಿದಳು, "ಡಾಕ್ಟ್ರಿಗೆ ಬರೀರಿ ಅಂತ ಕಾಡ್ಬೇಡಿ ನರ್ಸಮ್ಮ. ಅವ್ರೂ ಸಂಬಳದೋರೇ ಅಲ್ವಾ? ಆದ್ರೆ ಒಂದು ಮಾತು. ಆ ಗೀಟು ನೋಡ್ದಾಗೆಲ್ಲ ನಂಗೆ ಬೇಜಾರಾಗ್ತದೆ. ಕೂಲಿ ಹೋಗಿದ್ದಕ್ಕಲ್ಲ. ನಾನು ಮಾಡಿದ್ದನ್ನ ಮಾಡೇ ಇಲ್ಲ ಅಂತಾರಲ್ಲ, ಅದಕ್ಕೆ."

ಅವಳಿಗೆ ಓದಲು ಬರುತ್ತಿರಲಿಲ್ಲ. ಕೆಂಪು ಬಣ್ಣದ ಅರ್ಥ ಮಾತ್ರ ಚೆನ್ನಾಗಿ ಗೊತ್ತಿತ್ತು.

ಮೂರು ವಾರದ ಮೇಲೆ ಸಮಿತಿಯ ವಾರ್ಷಿಕ ಸಭೆ ಆಸ್ಪತ್ರೆಯ ಜಗಲಿಯಲ್ಲೇ ನಡೆಯಿತು. ಅಧ್ಯಕ್ಷರು ಅಡಿಕೆ ತೋಟದ ದೊಡ್ಡ ಯಜಮಾನರು, ಕಡಿಮೆ ಮಾತಿನವರು. ಕೊನೆಗೆ ನೌಕರರನ್ನು ಕರೆಸಿ, "ಎಂತಾದ್ರೂ ತೊಂದ್ರೆ ಇದ್ಯನಾ?" ಎಂದು ಕೇಳುವುದು ರೂಢಿ. ನಾವು "ಏನೂ ಇಲ್ಲ" ಎನ್ನುವುದೂ ರೂಢಿ. ಈ ಸಲ ಹೇಳಿಯೇ ಬಿಡಬೇಕೆಂದು ನಾನು ಗಟ್ಟಿ ಮಾಡಿಕೊಂಡು ನಿಂತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರು ಎದ್ದು ನಿಂತರು.

"ಒಂದು ವಿಷಯ ಇದೆ. ಆಯಾಗೆ ಬ್ರೇಕ್ ಇದ್ದ ದಿನ ನಾನು ಅವರನ್ನ ಕೆಲಸಕ್ಕೆ ಕರೆಸಿದ್ದೆ. ಆಗ ಕಾಲು ಸುಟ್ಟಿತು. ತಪ್ಪು ನನ್ನದು."

ನಾನು "ಸಾರ್..." ಎಂದೆ. ಅವರು ನನ್ನ ಕಡೆ ತಿರುಗಲೇ ಇಲ್ಲ.

ಸಮಿತಿಯ ಕಾರ್ಯದರ್ಶಿಗಳು ಸಿಟ್ಟಾದರು. "ಠರಾವಿಗೆ ವಿರುದ್ಧ ಅಲ್ವಾ ಇದು?" ಎಂದರು. ಅಧ್ಯಕ್ಷರು ಕೈ ಎತ್ತಿ ಅವರನ್ನು ಸುಮ್ಮನಿರಿಸಿ, "ಆ ಹೆಂಗಸನ್ನ ಕರೀರಿ," ಎಂದರು. ಆಯಮ್ಮ ಕೋಲೂರಿಕೊಂಡು ಬಂದಳು. ಅವರು ತಮ್ಮ ಪಕ್ಕದ ಬೆಂಚನ್ನು ತೋರಿಸಿದರು. ಅವಳು ಕೂರಲಿಲ್ಲ.

"ಎಷ್ಟು ವರ್ಷ ಆತು ಇಲ್ಲಿ?"

"ಈ ಮಾಡಿಗೆ ಹಂಚು ಹೊದಿಸೋಕೆ ಮೊದ್ಲಿಂದ ಇದೀನಿ ಒಡೆಯ. ಆಗ ಕಲ್ಲು ಹೊರ್ತಿದ್ದೆ."

ಅಧ್ಯಕ್ಷರು ಹಳೆಯ ಠರಾವಿನ ಪುಸ್ತಕ ತರಿಸಿದರು. ಕಾಂಪೌಂಡರು ಓದಿದರು. ಬ್ರೇಕಿನ ಠರಾವು ಕಟ್ಟಡ ಕಟ್ಟುವಾಗ ಬಂದು ಹೋಗುವ ಕೂಲಿಯಾಳುಗಳಿಗೆಂದು ಮಾಡಿದ್ದು. ಕಟ್ಟಡ ಮುಗಿಯಿತು, ಆಳುಗಳು ಹೋದರು. ಕಲ್ಲು ಹೊತ್ತವಳೊಬ್ಬಳು ಒಳಗೆ ಉಳಿದುಕೊಂಡಳು, ಅವಳ ಜೊತೆ ಗೀಟೂ ಉಳಿದುಕೊಂಡಿತು. ಇಷ್ಟು ವರ್ಷ ಆ ಠರಾವನ್ನು ಯಾರೂ ತೆಗೆದು ಓದಿರಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ನಾವೇ ಸಹಿ ಹಾಕಿದ್ದು. ನಾವೇ ಮರ್ತಿದ್ದು," ಎಂದರು.

ಮುಂದಿನ ತಿಂಗಳಿಂದ ಆಯಮ್ಮ ಕಾಯಂ ಆದಳು. ಮನೆಯಲ್ಲಿ ಮಲಗಿದ್ದ ದಿನಗಳ ಕೂಲಿಯೂ ಬಂತು. ಹಿಂದಿನ ವರ್ಷಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೊಸದಾಗಿ ಸೇರಿದವಳೆಂದು ಬರೆದುಕೊಂಡರು. ನನಗೆ ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಡಾಕ್ಟರ ಮೇಲೆ ಕಾರ್ಯದರ್ಶಿಗಳ ಮುನಿಸು ಉಳಿಯಿತು. ವರ್ಷ ತುಂಬುವುದರೊಳಗೆ ಅವರು ಸಾಗರದಲ್ಲಿ ಬೇರೆ ಕೆಲಸ ಹಿಡಿದು ಹೋದರು. ಹೊರಡುವ ದಿನ ಬಸ್ಸಿನ ಹತ್ತಿರ ನಾನು ಹೇಳಿದೆ, "ಕರೆದಿದ್ದು ನಾನು ಸಾರ್. ನೀವು ಯಾಕೆ ಹಾಗಂದ್ರಿ?"

"ಮೂರು ವಾರ ತಗೊಂಡೆ ಅಲ್ವಾ ಸಿಸ್ಟರ್. ಅಷ್ಟು ತಡ ಮಾಡಬಾರದಿತ್ತು," ಎಂದಷ್ಟೇ ಹೇಳಿ ಬಸ್ಸು ಹತ್ತಿದರು.

ಕಾಯಂ ಆದ ಮೇಲಿನ ಮೊದಲ ರಜೆಯ ಅರ್ಜಿಯನ್ನು ಆಯಮ್ಮ ನನ್ನ ಕೈಯಲ್ಲಿ ಬರೆಸಿದಳು. ಕಾರಣ ಏನು ಬರೆಯಲಿ ಎಂದು ಕೇಳಿದೆ. ಅವಳಿಗೆ ಗಾಬರಿಯಾಯಿತು. "ಕಾರಣ ಬೇರೆ ಹೇಳ್ಬೇಕಾ? ಸುಮ್ನೆ ಕೂತ್ಕಳಕ್ಕೆ ಅಂತ ಬರ್ದ್ರೆ ಕೊಡಲ್ವಾ?" ನಾನು ನಗುತ್ತ 'ಸ್ವಂತ ಕೆಲಸ' ಎಂದು ಬರೆದು, ಅವಳ ಹೆಬ್ಬೆಟ್ಟು ಒತ್ತಿಸಿದೆ.

ಶರಾವತಿಗೆ ಅಣೆಕಟ್ಟು ಕಟ್ಟಿ, ನೀರು ನಿಂತು ಮನೆ ಗದ್ದೆ ಮುಳುಗಿದ ಮೇಲೆ ಆಯಮ್ಮನ ತಂಗಿ ತುಮರಿ ಕಡೆ ಹೋಗಿ ನೆಲೆಸಿದ್ದಳು. ಆಮೇಲೆ ಅಕ್ಕತಂಗಿ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಆ ರಜೆಯಲ್ಲಿ ಆಯಮ್ಮ ಸಾಗರಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಮುಂದೆ ಹಿನ್ನೀರು ದಾಟುವ ಲಾಂಚ್ ಹತ್ತಿ, ತಂಗಿಯ ಮನೆಯಲ್ಲಿ ಐದು ದಿನ ಇದ್ದು ಬಂದಳು. ಬಂದ ದಿನ ಬೆಳಗ್ಗೆ ನಾನು ಕೇಳಿದೆ, "ಹ್ಯಾಗಿತ್ತು ಆಯಮ್ಮ?"

"ಲಾಂಚಲ್ಲಿ ಹೆದ್ರಿಕೆ ಆತು. ತಂಗಿ ಮನೆ ಮೊದ್ಲಿನಷ್ಟು ದೊಡ್ಡದಿಲ್ಲ. ಆದ್ರೆ ಐದು ದಿನ ಅವಳು ಬಡಿಸಿದ್ಳು, ನಾನು ಉಂಡೆ," ಎಂದಳು. ಅಷ್ಟರಲ್ಲಿ ಹೊರಗೆ ಗಾಡಿ ನಿಂತ ಸದ್ದಾಯಿತು. ಇಬ್ಬರೂ ಎದ್ದು ಬಾಗಿಲಿಗೆ ಹೋದೆವು.